ಒಂದು ತೂತಿನ ತರ್ಜುಮೆ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಟೈಪಿಂಗ್ ಸೆಂಟರಿನ ಗಾಜಿನ ಬಾಗಿಲಿಗೆ ಕೈ ಹಾಕಿದ ಖುಬೈಬ್ ಹಾಗೇ ಕೈ ಹಿಂದಕ್ಕೆಳೆದುಕೊಂಡ. ಒಳಗೆ, ನೀಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಕಟ್ಟಕಡೆಯದರ ಮೇಲೆ, ಮದರಂಗಿ ಹಚ್ಚಿದ ಗಡ್ಡದ ಆ ಸೊಮಾಲಿ ಮುದುಕ ಕೂತಿದ್ದ. ತೊಡೆಯ ಮೇಲೆ ಅದೇ ಹಸಿರು ಫೈಲು. ಖುಬೈಬ್ ಬಗ್ಗಿ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದ. ಅದು ಸರಿಯಾಗಿಯೇ ಇತ್ತು. ಇನ್ನೊಂದು ಕಾಲಿನದನ್ನೂ ಬಿಚ್ಚಿ ಕಟ್ಟಿದ. ಬೆಳಿಗ್ಗೆ ಎಂಟಕ್ಕೇ ನೆಲ ಕಾದು ಶೂವಿನ ತಳದಿಂದ ಬಿಸಿ ಏರುತ್ತಿತ್ತು. ಮೇಲಿನ ಮಹಡಿಯ ಯಾರದೋ ಏಸಿ ಅವನ ಕತ್ತಿನ ಮೇಲೆ ಒಂದೊಂದೇ ಹನಿ ಹಾಕುತ್ತಿತ್ತು. ಸರಿದು ನಿಲ್ಲಬಹುದಿತ್ತು, ನಿಲ್ಲಲಿಲ್ಲ. ಹತ್ತು ದಿನದಿಂದ ಅವನು ಇದಕ್ಕೇ ಕಾಯುತ್ತಿದ್ದ. ಮುದುಕ ಬರುತ್ತಾನೆ, ಆ ಪದದ ಮೇಲೆ ಬೆರಳಿಡುತ್ತಾನೆ, ಹ್ಯೂಬರ್ಟ್ ಸರ್ ಕನ್ನಡಕವನ್ನು ಹಣೆಗೇರಿಸಿ ನೋಡುತ್ತಾರೆ, ಅಲ್ಲಿಗೆ ಖಲಾಸ್. ಕೆಲಸ ಹೋದರೆ ವೀಸಾ, ವೀಸಾ ಹೋದರೆ ಹಮ್ದಾನ್ ಸ್ಟ್ರೀಟಿನ ಹಿಂದಿನ ಆ ಒಂದೂವರೆ ಕೋಣೆ, ಮಗಳು ಹಾನಿಯಾಳ ಶಾಲೆ. ಒಂದರ ಬಾಲ ಒಂದು ಹಿಡಿದುಕೊಂಡಿವೆ.

ಪದ ಒಂದೇ. ಶಿರ್ವಾ. ಹತ್ತು ದಿನದ ಹಿಂದೆ ಮುದುಕ ತಂದದ್ದು ಅವನ ಅಪ್ಪನ ಸೈನ್ಯದ ಕಾಗದ. ಬ್ರಿಟಿಷರ ಕಾಲದ ಸೊಮಾಲಿಲ್ಯಾಂಡಿನಲ್ಲಿ ಒಂಟೆ ಪಡೆ ಅಂತ ಒಂದಿತ್ತಂತೆ, ಅದರಲ್ಲಿ ಎಂಟು ವರ್ಷ ಸಿಪಾಯಿಯಾಗಿದ್ದವನಿಗೆ ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಕೊಟ್ಟ ಬಿಡುಗಡೆ ಪತ್ರ. ಚಹಾದ ಬಣ್ಣಕ್ಕೆ ತಿರುಗಿದ ದಪ್ಪ ಹಾಳೆ, ಟೈಪ್‌ರೈಟರಿನ ಇಂಗ್ಲಿಷು. ಅದನ್ನು ಅರಬ್ಬಿಗೆ ತರ್ಜುಮೆ ಮಾಡಿ ಮುದ್ರೆ ಒತ್ತಿಸಿ ಕೊಡಬೇಕು. ಹೆಸರು ಜಾಮಾ, ಅಪ್ಪನ ಹೆಸರು ವರ್ಸಮೆ, ಎತ್ತರ ಇಷ್ಟು, ಎಡ ಮೊಣಕಾಲಿನಲ್ಲಿ ಗಾಯದ ಗುರುತು, ನಡತೆ ಬಹಳ ಒಳ್ಳೆಯದು. ಕುಲ ಅನ್ನುವ ಸಾಲಿನಲ್ಲಿ ಮಾತ್ರ ‘ರೇರ್ ಶಿ’ ಅನ್ನುವಷ್ಟು ಅಕ್ಷರ ಉಳಿದು, ಮುಂದೆ ಕಡಲೆಕಾಳಿನಷ್ಟು ಒಂದು ಸುಟ್ಟ ತೂತು. ರೇರ್ ಅಂದರೆ ಅವರಲ್ಲಿ ಮನೆತನ. ಓದಲಿಕ್ಕಾಗದ್ದನ್ನು ಓದಲಾಗದು ಅಂತಲೇ ಬರೆಯಬೇಕು. ಸೇರಿದ ಮೊದಲ ದಿನವೇ ಹ್ಯೂಬರ್ಟ್ ಸರ್ ಹೇಳಿಕೊಟ್ಟ ಪಾಠ. ಆದರೆ ಖುಬೈಬನಿಗೆ ಖಾಲಿ ಜಾಗ ಕಂಡರೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ. ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ಹುಡುಕಿದ. ಯಾವನೋ ಬಿಳಿ ಅಧಿಕಾರಿ ಬರೆದಿಟ್ಟ ಮನೆತನಗಳ ಪಟ್ಟಿ ಸಿಕ್ಕಿತು. ‘ಶಿ’ಯಿಂದ ಶುರುವಾಗುವುದು ಅದರಲ್ಲಿ ಒಂದೇ ಇತ್ತು. ತುಂಬಿಸಿದ. ತುಂಬಿಸಿದಾಗ ಎಷ್ಟು ಖುಷಿಯಾಯಿತೆಂದರೆ ಎದ್ದು ಹೋಗಿ ಒಂದು ಕರಕ್ ಚಹಾ ಕುಡಿದು ಬಂದ. ಮುದುಕನಿಗೆ ಹೇಳಲೇ ಇಲ್ಲ. ಅವನಿಗೆ ಪೊರೆ ಬಂದ ಕಣ್ಣು, ಓದುವುದು ಕಷ್ಟ. ಮುದ್ರೆ ನೋಡಿ, ಹಾಳೆಯನ್ನು ಹಣೆಗೆ ಮುಟ್ಟಿಸಿಕೊಂಡು ಹೋಗಿದ್ದ.

ಕತ್ತಿನ ಮೇಲಿನ ಹನಿ ಬೆನ್ನಿಗಿಳಿಯಿತು. ಇವತ್ತು ಬೆಳಿಗ್ಗೆಯೂ ಹೀಗೇ ಬೆನ್ನು ತಣ್ಣಗಾಗಿತ್ತು, ಶಾವಿಗೆ ತಿನ್ನುತ್ತಿದ್ದಾಗ. ಹಾನಿಯಾಳ ಚಾರ್ಟು ಮೇಜಿನ ಮೇಲಿತ್ತು. ಶಾಲೆಯಲ್ಲಿ ವಂಶವೃಕ್ಷ ಮಾಡಿಕೊಂಡು ಬರಲಿಕ್ಕೆ ಹೇಳಿದ್ದರು. ಐದು ಚೌಕ. ಹಾನಿಯಾ, ಖುಬೈಬ್, ಇಸ್ಮತುಲ್ಲಾ, ಅವರ ಅಪ್ಪ ಹಮ್ಝ. ಐದನೆಯದಕ್ಕೆ ಬಂದು ಖುಬೈಬನ ಪೆನ್ನು ನಿಂತಿತ್ತು. ಭಟ್ಕಳಕ್ಕೆ ಫೋನು ಮಾಡಿ ಅಪ್ಪನನ್ನು ಕೇಳಿದರೆ ಅಪ್ಪ, “ಹಮ್ಝಜ್ಜನ ಅಪ್ಪನಾ? ಹಡಗಿನಲ್ಲಿ ಹೋದವ ಬರ್ಲೇ ಇಲ್ಲ ಅಂತಿದ್ರು. ಹೆಸರು ಯಾರಿಗೆ ನೆನಪುಂಟು?” ಅಂದಿದ್ದರು. ನಿನ್ನೆ ಸಂಜೆ ಅವನು ಆ ಚೌಕದಲ್ಲಿ ಚಂದದ ಅಕ್ಷರದಲ್ಲಿ ‘ಅಲಿ ಅಲ್-ಯಮನಿ’ ಅಂತ ಬರೆದು, ಪಕ್ಕದಲ್ಲಿ ಒಂದು ಹಾಯಿದೋಣಿ ಬಿಡಿಸಿದ. ಬೆಳಿಗ್ಗೆ ಹಾನಿಯಾ ಚಮಚ ಬಾಯಲ್ಲಿಟ್ಟುಕೊಂಡೇ, “ಅಬ್ಬಾ, ಈಸ್ ಹೀ ರಿಯಲ್?” ಅಂದಳು. ಅಸೀಲಾ ಗಂಡನ ಮುಖ ನೋಡಿದಳು. ಹೆಂಡತಿಯ ಆ ನೋಟಕ್ಕೆ ಅವನು ಉತ್ತರ ಹುಡುಕುತ್ತಲೇ ಎಲೆಕ್ಟ್ರಾ ಸ್ಟ್ರೀಟಿನ ತನಕ ನಡೆದು ಬಂದಿದ್ದ.

“ಎಂತದಾ ಖುಬೈಬಾ, ಹೊರಗೆ ನಮಾಜು ಮಾಡ್ತಿದ್ದೀಯಾ?” ಹ್ಯೂಬರ್ಟ್ ಸರ್ ಒಳಗಿನಿಂದಲೇ ಬಾಗಿಲು ತೆರೆದರು. ಮಂಗಳೂರಿನವರು, ಇಪ್ಪತ್ತೆಂಟು ವರ್ಷದಿಂದ ಇದೇ ಬೀದಿ. ಸೆಂಟರಿನ ಪರವಾನಗಿ ಅವರ ಹೆಸರಿನಲ್ಲಿ, ಮುದ್ರೆ ಅವರ ಡ್ರಾಯರಿನಲ್ಲಿ. “ಬಾ ಮಾರಾಯ, ನಿನ್ನ ದೋಸ್ತ್ ಏಳೂವರೆಗೇ ಬಂದು ಕೂತಿದ್ದಾನೆ. ನನ್ನತ್ರ ಮಾತೇ ಇಲ್ಲ, ಮಾಫಿ, ನೀನೇ ಬೇಕಂತೆ.”

ಖುಬೈಬ್ ಕುರ್ಚಿಗೆ ಕೂತು ಕಂಪ್ಯೂಟರ್ ಹಾಕಿದ. ಅದು ತೆರೆದುಕೊಳ್ಳುವಷ್ಟು ಹೊತ್ತು ಮುದುಕನ ಕಡೆ ನೋಡದಿರಲಿಕ್ಕೆ ಡ್ರಾಯರ್ ಎಳೆದ. ಡ್ರಾಯರಿನಲ್ಲಿ ಅವನದೇ ವಿಸಿಟಿಂಗ್ ಕಾರ್ಡುಗಳ ಡಬ್ಬಿ. ಕಳೆದ ವರ್ಷ ಸ್ವಂತ ಖರ್ಚಿನಲ್ಲಿ ಮಾಡಿಸಿದ್ದು. ಚಿನ್ನದ ಬಣ್ಣದಲ್ಲಿ, ‘ಖುಬೈಬ್ ಇಸ್ಮತುಲ್ಲಾ ಅಲ್-ನಾಯತಿ’. ತನ್ನ ಜನ, ಭಟ್ಕಳದ ನವಾಯತರು, ಮೂಲದಲ್ಲಿ ಅರಬಸ್ತಾನದಿಂದ ಹಡಗಿನಲ್ಲಿ ಬಂದವರು ಅಂತ ಚಿಕ್ಕಂದಿನಿಂದ ಕೇಳಿದ್ದೇ. ಅದರಲ್ಲಿ ಸುಳ್ಳೇನಿಲ್ಲ ಅಂತ ಪ್ರೆಸ್ಸಿನವನೆದುರು ತನಗೆ ತಾನೇ ಹೇಳಿಕೊಂಡಿದ್ದ. ಒಂದು ದಿನ ಇಲ್ಲಿಯವನೇ ಒಬ್ಬ ಅರಬ್ ಹುಡುಗ, ಬಿಳಿ ಕಂದೂರದ ನಿಲುವಂಗಿ, ಕೈಯಲ್ಲಿ ಕಾರಿನ ಕೀಲಿ, ಕಾರ್ಡು ಓದಿ ನಗಲಿಲ್ಲ, ಬರೀ ಹುಬ್ಬೇರಿಸಿದ. “ಅಲ್-ನಾಯತಿ? ಯಾವ ಕಡೆಯವರು?” ಖುಬೈಬ್ ಯಮನ್ ಅಂದ. “ಯಮನಿನಲ್ಲಿ ಎಲ್ಲಿ?” ಖುಬೈಬನಿಗೆ ಒಂದು ಊರಿನ ಹೆಸರೂ ಬಾಯಿಗೆ ಬರಲಿಲ್ಲ. ಹುಡುಗ ಬಹಳ ಮರ್ಯಾದೆಯಿಂದ ಕಾರ್ಡನ್ನು ಕೌಂಟರಿನ ಮೇಲೇ ಇಟ್ಟು, ಎರಡು ಬೆರಳಿನಿಂದ ಇವನ ಕಡೆ ಸರಿಸಿ, “ಶುಕ್ರನ್ ಭಾಯ್” ಅಂದು ಹೋದ. ಇಂಡಿಯಾದ ಕೂಲಿಯವರನ್ನೆಲ್ಲ ಇಲ್ಲಿಯವರು ಕರೆಯುವ ಆ ಭಾಯ್ ಎಷ್ಟೋ ದಿನ ಕಿವಿಯಲ್ಲಿ ಕೂತಿತ್ತು. ಆಗ ಕಟ್ಟಕಡೆಯ ಕುರ್ಚಿಯಲ್ಲಿ ಇದೇ ಮುದುಕ ಕೂತಿದ್ದ, ಯಾವುದೋ ಎಮಿರೇಟ್ಸ್ ಐಡಿ ಕೆಲಸಕ್ಕೆ. ನೋಡಿದ್ದ. ನೋಡಿ, ಬೇರೆ ಕಡೆ ತಿರುಗಿಕೊಂಡಿದ್ದ. ಖುಬೈಬನಿಗೆ ಆ ಹುಡುಗನಿಗಿಂತ ಹೆಚ್ಚು ಸಿಟ್ಟು ಬಂದದ್ದು ತಿರುಗಿಕೊಂಡ ಆ ಮುಖದ ಮೇಲೆ.

“ಸಲಾಂ ಬೇಟಾ.”

ಮುದುಕ ಎದುರಿಗೇ ಬಂದು ನಿಂತಿದ್ದ. ಹೆಸರು ಮೊಹಮ್ಮದ್ ಜಾಮಾ. ನಲವತ್ತು ವರ್ಷ ಅಬುಧಾಬಿಯ ಒಂದು ಗ್ಯಾರೇಜಿನಲ್ಲಿ ಡ್ರೈವರನಾಗಿದ್ದು ಈಗ ಮುಸಫ್ಫಾ ಕಡೆ ಮಗನ ಮನೆಯಲ್ಲಿರುವವನು. ಅವನ ಹಿಂದಿ ಪಠಾಣರೂ ಮಲಯಾಳಿಗಳೂ ಸೇರಿ ಕಲಿಸಿದ್ದು. ಅರ್ಧ ಅರಬ್ಬಿ, ಲಿಂಗ ವಚನ ಒಂದೂ ಇಲ್ಲ. ಆದರೂ ಖುಬೈಬನ ಕಿವಿಯೊಳಗೆ ಅದು ಇಳಿಯುತ್ತಿದ್ದದ್ದು ಊರಿನ ಯಾರೋ ಹಿರಿಯರು ಮಾತಾಡಿದ ಹಾಗೆ.

“ಕೂತ್ಕೊಳ್ಳಿ ಚಾಚಾ. ಎಂತ ಆಗ್ಬೇಕಿತ್ತು?”

“ಎಂತ ಆಗ್ಬೇಕಿತ್ತು ಅಲ್ಲ, ಎಂತ ಆಯ್ತು ಅಂತ ಕೇಳು.” ಮುದುಕ ಕೋಲನ್ನು ಕೌಂಟರಿಗೆ ಒರಗಿಸಿದ. “ಮೊಮ್ಮಗನ ಮದುವೆ ಮಾತುಕತೆ. ಗುರುವಾರ. ಹುಡುಗಿ ಕಡೆಯವರು ದೊಡ್ಡ ಜನ, ಹನ್ನೊಂದು ಹಿರಿಯರು ಬಂದಿದ್ರು. ನಮ್ಮಲ್ಲಿ ಹುಡುಗನ ಸಂಬಳ ಆಮೇಲೆ ಕೇಳ್ತಾರೆ, ಮೊದಲು ಹೆಸರು ಕೇಳ್ತಾರೆ. ಅವನ ಅಪ್ಪ, ಅವನ ಅಪ್ಪ, ಅವನ ಅಪ್ಪ. ನಾನು ಹೇಳಿದೆ. ಮೊಹಮ್ಮದ್, ಜಾಮಾ, ವರ್ಸಮೆ, ಗೂಲೇದ್, ಅದಾನ್, ರೋಬ್ಲೆ...” ಅವನ ಬೆರಳುಗಳು ಒಂದೊಂದಾಗಿ ಮಡಚಿಕೊಂಡವು, ಕಣ್ಣು ಮುಚ್ಚಿತು, ಹೆಸರುಗಳು ಬಾವಿಯಿಂದ ಹಗ್ಗ ಮೇಲೆ ಬಂದ ಹಾಗೆ ಬಂದವು, ಎಲ್ಲೂ ಗಂಟಿಲ್ಲದೆ, ಹದಿನಾಲ್ಕನೆಯದು ಹಿರ್ಸಿ ಎಂಬಲ್ಲಿಗೆ ನಿಂತವು. “ರೇರ್ ಹಿರ್ಸಿ. ನಾವು ಹಿರ್ಸಿಯ ಮನೆ. ಎಲ್ಲರೂ ತಲೆ ಅಲ್ಲಾಡಿಸಿದ್ರು. ಅಲ್ಲಿಗೆ ಬಿಡ್ಬೇಕಿತ್ತು ನಾನು. ಬಿಡ್ಲಿಲ್ಲ. ನಮ್ಮಪ್ಪ ಒಂಟೆ ಪಡೆಯಲ್ಲಿದ್ದ ಅಂತ ತೋರಿಸ್ಲಿಕ್ಕೆ ನಿನ್ನ ಅರಬ್ಬಿ ಕಾಗದ ಕೊಟ್ಟೆ. ಅವರ ದೊಡ್ಡವ ಜೋರಾಗಿ ಓದಿದ. ಕುಲ, ರೇರ್ ಶಿರ್ವಾ.”

ಹಿಂದೆ ಪ್ರಿಂಟರು ಯಾರದೋ ವೀಸಾ ಅರ್ಜಿಯನ್ನು ಕಕ್ಕುತ್ತಿತ್ತು. ಖುಬೈಬ್ ಅದರ ಕಡೆಗೆ ತಿರುಗಿ, ಹಾಳೆ ತೆಗೆದು, ಅಂಚು ಸರಿಮಾಡಿ, ಮತ್ತೆ ಅಲ್ಲೇ ಇಟ್ಟ.

“ಯಾರೂ ಎಂತದೂ ಹೇಳ್ಲಿಲ್ಲ,” ಅಂದ ಮುದುಕ. “ಒಬ್ಬ ಮಾತ್ರ ಚಹಾ ಕಪ್ಪು ಕೆಳಗಿಟ್ಟು ಕೇಳಿದ, ಹಾಜಿ, ನಿಮ್ಮಪ್ಪ ಯಾರ ಡೇರೆಯಲ್ಲಿ ಮಲಗ್ತಿದ್ದ? ಎಲ್ಲರೂ ನಕ್ಕರು. ನನ್ನ ಮೊಮ್ಮಗನೂ ನಕ್ಕ, ಅವನಿಗೆ ಅರ್ಥ ಆಗ್ಲಿಲ್ಲ ಪಾಪ. ಬೇರೆಯವರ ಮನೆತನದ ಹೆಸರು ಹೇಳಿಕೊಂಡು ಬದುಕಿದವ ಅಂದ್ರೆ ನಮ್ಮಲ್ಲಿ ಅದಕ್ಕೊಂದು ಬೈಗುಳ ಉಂಟು. ನಿನಗೆ ಹೇಳೋದಿಲ್ಲ. ಇಡೀ ವಿಷಯ ಮುಂದಿನ ವಾರಕ್ಕೆ ಹಾಕಿದ್ದಾರೆ. ಕಾಗದ ಸರಿಯಾಗಿ ಉಂಟಾ ಅಂತ ನೋಡಿ ಬನ್ನಿ ಅಂದ್ರು.”

ತಾನು ಮಾಡಿದ್ದು ತಪ್ಪೇ ಹೊರತು ಬರೆದದ್ದು ತಪ್ಪಲ್ಲ ಅನ್ನುವ ವಾದ ಖುಬೈಬನೊಳಗೆ ಆಗಲೇ ಎದ್ದು ಕೂತಿತ್ತು. ಪಟ್ಟಿಯಲ್ಲಿ ಅದೊಂದೇ ಇತ್ತು. ಬೇಕಾದರೆ ಮೊಬೈಲಿನಲ್ಲಿ ತೋರಿಸಬಹುದು. ತೋರಿಸಿದರೆ ತಾನು ಗೆಲ್ಲುತ್ತೇನೆ, ಈ ಮುದುಕ ಸೋಲುತ್ತಾನೆ. ಆ ದಿನ ನನ್ನನ್ನು ನೋಡಿ ತಿರುಗಿಕೊಂಡಿದ್ದೆಯಲ್ಲ, ಈಗ ನೋಡು. ಈ ಯೋಚನೆ ಬಂದದ್ದೇ ತಡ, ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಆದರೂ ಕೈ ಮೊಬೈಲಿನ ಮೇಲೇ ಇತ್ತು.

“ಚಾಚಾ, ಆ ಪಟ್ಟಿಯಲ್ಲಿ...”

“ನೀನು ಬರೆದದ್ದು ಸರಿ,” ಅಂದ ಮುದುಕ.

ಖುಬೈಬ್ ತಲೆಯೆತ್ತಿದ.

“ಅಲ್ಲಿ ಶಿರ್ವಾ ಅಂತಲೇ ಇತ್ತು. ನಿನಗೆ ಹೇಗೆ ಗೊತ್ತಾಯ್ತು ಅಂತ ನಾಲ್ಕು ದಿನದಿಂದ ಯೋಚನೆ ಮಾಡ್ತಿದ್ದೇನೆ. ಗೊತ್ತಿದ್ದವರೆಲ್ಲ ಸತ್ತರು, ಉಳಿದವ ನಾನೊಬ್ಬನೇ.” ಅವನು ಹಸಿರು ಫೈಲಿನಿಂದ ಮೂಲ ಕಾಗದ ತೆಗೆದು ಕೌಂಟರಿನ ಮೇಲೆ ಹರಡಿ, ತೂತಿನ ಮೇಲೆ ಕಿರುಬೆರಳಿಟ್ಟ. ತೂತು ಬೆರಳಿನ ತುದಿಗೆ ಅಳತೆ ತೆಗೆದ ಹಾಗಿತ್ತು. “ನಮ್ಮಪ್ಪ ಹದಿನೆಂಟು ವರ್ಷದ ಹುಡುಗ. ಆರು ದಿನ ನಡೆದು ಬಂದಿದ್ದಾನೆ ಸೈನ್ಯಕ್ಕೆ ಸೇರ್ಲಿಕ್ಕೆ. ಮರದ ಕೆಳಗೆ ಮೇಜು, ಬಿಳಿ ಸಾಹೇಬ. ಇಂಥ ಮನೆತನದಿಂದ ಇಷ್ಟು ಜನ ಅಂತ ಲೆಕ್ಕ. ಒಂದೇ ಮನೆತನದವರು ಜಾಸ್ತಿ ಆದ್ರೆ ಕೋವಿ ತಿರುಗಿಸ್ತಾರೆ ಅಂತ ಹೆದರಿಕೆ ಅವನಿಗೆ. ಹಿರ್ಸಿಯವರದ್ದು ಭರ್ತಿ, ಖಲಾಸ್. ಸಾಲಿನಲ್ಲಿ ಅಪ್ಪನ ಸೋದರಮಾವ ನಿಂತಿದ್ದ, ಶಿರ್ವಾದವ. ನಮ್ಮ ಹೆಸರು ಹೇಳು ಅಂದ. ನಮ್ಮಲ್ಲಿ ಹೆಂಗಸು ಮದುವೆ ಆದ್ರೂ ಅಪ್ಪನ ಮನೆತನದವಳೇ. ತೊಟ್ಟಿಲು ತೂಗುವಾಗ ಅಜ್ಜಿ ಅವಳ ಕಡೆಯ ಹೆಸರುಗಳನ್ನೇ ಹಾಡಿದ್ದಳು, ಅದು ಅಪ್ಪನಿಗೆ ಬಾಯಿಪಾಠ. ಸಾಹೇಬನ ಎದುರು ಹೇಳ್ತಾ ಹೋದ. ಎಂಟನೇ ಹೆಸರಿಗೆ ನಿಂತ. ಬರೋದಿಲ್ಲ. ಸಾಹೇಬ ನೋಡ್ತಿದ್ದಾನೆ. ಅವಾಗ ಪಕ್ಕದಲ್ಲಿ ಬರೀತಿದ್ದ ಗುಮಾಸ್ತ, ತಲೆ ಎತ್ಲಿಲ್ಲ, ಅವನೇ ಏನೋ ಒಂದು ಹೆಸರು ಬರೆದು, ಕೆಮ್ಮಿ, ಮುಂದೆ ಅಂದ.”

ಮುದುಕ ನಗುತ್ತಿದ್ದ. ಮೇಲಿನ ಸಾಲಿನಲ್ಲಿ ಎರಡೇ ಹಲ್ಲು.

“ಆ ಗುಮಾಸ್ತ ಹಿಂದಿ, ನಿಮ್ಮ ಇಂಡಿಯಾದವ. ನಿನ್ನ ಹಾಗೆ ಕನ್ನಡಕ. ಅಪ್ಪ ಸಾಯುವ ತನಕ ಹೇಳ್ತಿದ್ದ, ನನ್ನನ್ನು ಸಿಪಾಯಿ ಮಾಡಿದ್ದು ಸಾಹೇಬ ಅಲ್ಲ, ಆ ಹಿಂದಿ ಅಂತ. ಖಾಲಿ ಜಾಗ ಬಿಡ್ಲಿಕ್ಕೆ ನಿಮ್ಮ ಜನಕ್ಕೆ ಆಗೋದೇ ಇಲ್ಲ ಅಲ್ವಾ?”

ಖುಬೈಬನಿಗೆ ನಗು ಬರಬೇಕಿತ್ತು. ಅವನು ಮನಸ್ಸಿನಲ್ಲೇ ಆ ಗುಮಾಸ್ತನ ಬೆರಳುಗಳನ್ನು ನೋಡುತ್ತಿದ್ದ, ಶಾಯಿ ಮೆತ್ತಿದ ಬಲಗೈ ಬೆರಳು, ಧೂಳಿನಲ್ಲಿ ಬಗ್ಗಿದ ಕತ್ತು. ಹಡಗಿನಲ್ಲಿ ಹೋದವ ಬರ್ಲೇ ಇಲ್ಲ. ಯಾವ ಹಡಗು, ಯಾವ ಬಂದರು, ಅಪ್ಪ ಹೇಳಿರಲಿಲ್ಲ. ಹೇಳಿರಲಿಲ್ಲ ಅನ್ನುವುದರಿಂದಲೇ ಯಾವ ಬಂದರಾದರೂ ಆಗಬಹುದು. ಆಗಲೇ ಅವನು ಆ ಮರದ ಕೆಳಗೆ ತನ್ನ ಮುತ್ತಜ್ಜನನ್ನು ಕೂರಿಸಲು ಹೊರಟಿದ್ದ. ತಾನು ಮಾಡುತ್ತಿರುವುದೇನೆಂದು ಹೊಳೆದಾಗ ಕಿವಿ ಬಿಸಿಯಾಯಿತು.

“ಎಂಟು ವರ್ಷ ಅಪ್ಪ ಶಿರ್ವಾದವನಾಗಿ ಹಾಜರಿ ಕೂಗಿದ. ಅವರ ಸಾಲಲ್ಲೇ ಊಟ, ಅವರ ಸಾಲಲ್ಲೇ ನಿದ್ದೆ. ಆಮೇಲೆ ಇಟಲಿಯವರು ನುಗ್ಗಿದ್ರು. ಬ್ರಿಟಿಷರು ಹಡಗು ಹತ್ತಿದ್ರು. ಹತ್ತುವ ಮೊದಲು ಸಿಪಾಯಿಗಳಿಗೆ ಹೇಳಿದ್ರು, ಕೋವಿ ತಗೊಂಡು ನಿಮ್ಮ ನಿಮ್ಮ ಮನೆಗೆ ಹೋಗಿ. ಯಾವ ಮನೆಗೆ? ದಾರಿಯಲ್ಲಿ ಒಂದು ಬಾವಿ ಉಂಟು, ಅಲ್ಲಿಂದ ಮಾವನ ಕಡೆ ಒಂದು ದಾರಿ, ಅಪ್ಪನ ಕಡೆ ಒಂದು. ಮೂರು ದಿನ ಕೋವಿ ಹಿಡಿದು ಅಲ್ಲೇ ಕೂತಿದ್ದ. ಕೊನೆಗೆ ಅಪ್ಪನ ಕಡೆ ಹೋದ. ಅಲ್ಲಿಯವರು ಅವನನ್ನು ಶಿರ್ವಾದ ಸಿಪಾಯಿ ಅಂತಲೇ ಕರೆದ್ರು, ತಮಾಷೆಗೆ. ಮರುವರ್ಷ ಬ್ರಿಟಿಷರು ವಾಪಸ್ ಬಂದು ಕೋವಿ ಕೇಳಿದ್ರು. ಕಾಗದದಲ್ಲಿ ಶಿರ್ವಾದ ಕೋವಿ, ಇರೋದು ಹಿರ್ಸಿ ಮನೆಯಲ್ಲಿ. ಮಾವನನ್ನು ಹಿಡಿದು ಕೂರಿಸಿದ್ರು. ಅಪ್ಪ ನಡ್ಕೊಂಡು ಹೋಗಿ ಕೋವಿ ಕೊಟ್ಟು ಮಾವನನ್ನು ಬಿಡಿಸಿದ, ಈ ಕಾಗದ ತಗೊಂಡ. ಆ ದಿನ ಸಂಜೆ ಒಲೆಯ ಕೆಂಡ ಎತ್ತಿ ಆ ಹೆಸರಿನ ಮೇಲೆ ಇಟ್ಟ. ಹೆಸರು ಹೋಯ್ತು. ತನ್ನ ಹೆಸರು ಅಲ್ಲಿ ಬರೀಲಿಲ್ಲ, ನೋಡು. ಬರೀಬಹುದಿತ್ತು. ಬರೀಲಿಲ್ಲ.”

ಖುಬೈಬ್ ಬಗ್ಗಿ ಆ ತೂತನ್ನು ನೋಡಿದ. ಅದರೊಳಗಿಂದ ಕೌಂಟರಿನ ಬಿಳಿ ಸನ್ಮೈಕಾ ಕಾಣುತ್ತಿತ್ತು.

“ಈಗ ನಾನೆಂತ ಮಾಡ್ಲಿ? ಹಿರ್ಸಿ ಅಂತ ಹಾಕಿ ಕೊಡ್ಲಾ?” ಕೇಳುವಾಗ ಖುಬೈಬನ ದನಿ ಹ್ಯೂಬರ್ಟ್ ಸರ್ ಮೇಜಿಗೆ ಕೇಳಿಸದಷ್ಟು ಇಳಿದಿತ್ತು. ಹಾಗೆ ಹಾಕಿ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು ಮುದ್ರೆ, ಇನ್ನೊಂದು ಹಾಳೆ. ಕೆಲಸ ಉಳಿಯುತ್ತದೆ.

ಮುದುಕ ಅವನನ್ನು ದುರುಗುಟ್ಟಿ ನೋಡಿದ. “ಸುಳ್ಳು ಬರಿ ಅಂತ ಏಳೂವರೆಗೆ ಬಂದು ಕೂತಿದ್ದೇನಾ ನಾನು? ಕಾಗದದಲ್ಲಿ ಎಂತ ಉಂಟು? ತೂತು ಉಂಟು. ತೂತು ಬರಿ. ಮತ್ತೆ ಇನ್ನೊಂದು ಚೀಟಿ ಬೇಕು. ಮೊದಲಿನದರಲ್ಲಿದ್ದ ಆ ಪದ ಮೂಲದಲ್ಲಿ ಇಲ್ಲ, ಬರೆದವನು ಸ್ವಂತ ಸೇರಿಸಿದ್ದು ಅಂತ. ಮುದ್ರೆ ಹಾಕಿ, ನಿನ್ನ ಸಹಿ ಹಾಕಿ. ಅವರು ತೂತು ನೋಡ್ಲಿ. ತೂತಿನ ಬಗ್ಗೆ ಎಂತ ಕೇಳಿದ್ರೂ ನಾನು ಹೇಳ್ತೇನೆ, ಅದು ನನ್ನಪ್ಪನದ್ದು.”

ಬರೆದವನು ಸ್ವಂತ ಸೇರಿಸಿದ್ದು. ಆ ಮಾತನ್ನು ಅರಬ್ಬಿಯಲ್ಲಿ ಹೇಗೆ ಹೇಳುವುದೆಂದು ತಲೆ ತಾನಾಗಿಯೇ ಜೋಡಿಸತೊಡಗಿತು, ಕೆಲಸದ ಚಾಳಿ. ವಾಕ್ಯ ಸಿದ್ಧವಾದಾಗ ಅದರಲ್ಲಿ ತನ್ನ ಕೆಲಸ ಹೋಗಿರುವುದು ಕಂಡಿತು. ಎದ್ದ. ಹ್ಯೂಬರ್ಟ್ ಸರ್ ಮೇಜಿಗೆ ಹತ್ತು ಹೆಜ್ಜೆ. ಅವರು ಚಹಾಕ್ಕೆ ರಸ್ಕ್ ಅದ್ದುತ್ತಿದ್ದರು.

“ಸರ್, ಒಂದು ತಪ್ಪಾಗಿದೆ ನನ್ನಿಂದ.”

ಹೇಳಿದ. ಹೇಳುತ್ತಿದ್ದ ಹಾಗೆ ರಸ್ಕ್ ನೆಂದು ಚಹಾದೊಳಗೆ ಮುರಿದು ಬಿತ್ತು. ಹ್ಯೂಬರ್ಟ್ ಸರ್ ಅದನ್ನೇ ನೋಡುತ್ತಾ ಕೂತರು.

“ಎಷ್ಟು ಕಾಗದಕ್ಕೆ ಹೀಗೆ ಮಾಡಿದ್ದೀಯಾ?”

“ಇದೊಂದೇ ಸರ್.”

“ನಿಜ?”

“ಇದೊಂದೇ.” ಕಾಗದಗಳಲ್ಲಿ ಇದೊಂದೇ. ಹಾಯಿದೋಣಿಯ ಚಿತ್ರ ಒಮ್ಮೆ ಕಣ್ಣ ಮುಂದೆ ಹಾದುಹೋಯಿತು.

“ಇಪ್ಪತ್ತೆಂಟು ವರ್ಷ ಮಾರಾಯ. ಒಂದು ಕಂಪ್ಲೇಂಟ್ ಇಲ್ಲ ನನ್ನ ಮೇಲೆ. ಕೋರ್ಟಿನ ಕಾಗದ ಆಗಿದ್ರೆ ಈಗ ನಾವಿಬ್ಬರೂ ಒಂದೇ ಕೋಣೆಯಲ್ಲಿ ಕೂತಿರ್ತಿದ್ವಿ, ಗೊತ್ತುಂಟಾ?” ಅವರು ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ಒಳ್ಳೆಯದಿತ್ತು. ಚಮಚದಿಂದ ರಸ್ಕಿನ ಚೂರನ್ನು ಹಿಡಿಯಲು ನೋಡಿ, ಬಿಟ್ಟು, ಡ್ರಾಯರ್ ತೆರೆದು ಮುದ್ರೆ ತೆಗೆದು ಮೇಜಿನ ಮೇಲಿಟ್ಟರು. “ಚೀಟಿ ಬರಿ. ಮುದ್ರೆ ನಾನು ಹಾಕ್ತೇನೆ, ಸಹಿ ನೀನು ಹಾಕು. ನಾಳೆಯಿಂದ ತರ್ಜುಮೆ ನಿನಗಿಲ್ಲ. ವೀಸಾ ಫಾರ್ಮಿನ ಕೌಂಟರಿನಲ್ಲಿ ಕೂತ್ಕೋ. ಅಲ್ಲಿ ಪಾಸ್‌ಪೋರ್ಟ್ ನೋಡಿ ಬರೆದ್ರೆ ಆಯ್ತು, ತಲೆ ಓಡಿಸ್ಲಿಕ್ಕಿಲ್ಲ.” ವೀಸಾ ಫಾರ್ಮಿನ ಕೌಂಟರಿನಲ್ಲಿ ಕೂರುವವರು ಹೊಸದಾಗಿ ಬಂದವರು. ಏಳು ವರ್ಷದ ಹಿಂದೆ ಖುಬೈಬ್ ಅಲ್ಲಿಂದಲೇ ಎದ್ದು ಬಂದಿದ್ದ.

ವಾಪಸು ಬಂದು, ಸಾಲಿನಲ್ಲಿ ಕಾದಿದ್ದ ಗಿರಾಕಿಗಳನ್ನು ಕಳಿಸಿ, ಹನ್ನೊಂದರ ಮೇಲೆ ಟೈಪು ಮಾಡಲು ಕೂತ. ಹೆಸರು, ಅಪ್ಪನ ಹೆಸರು, ಎತ್ತರ, ಮೊಣಕಾಲಿನ ಗಾಯ. ಕುಲ. ಬೆರಳು ನಿಂತಿತು. ಕೀಲಿಮಣೆಯಲ್ಲಿ ಎಲ್ಲದಕ್ಕೂ ಒಂದು ಗುಂಡಿ ಉಂಟು, ಇದಕ್ಕಿಲ್ಲ. ‘ರೇರ್ ಶಿ’ ಅಂತ ಬರೆದು, ‘ಇಲ್ಲಿ ಕಾಗದ ಸುಟ್ಟು ತೂತಾಗಿದೆ’ ಅಂತ ಬರೆದ. ಓದಿ ಹೇಳಿದ. ಮುದುಕ, “ತಾನಾಗಿ ಸುಟ್ಟದ್ದಲ್ಲ, ಕೈಯಾರೆ ಸುಟ್ಟದ್ದು” ಅಂದ. “ಅದು ಕಾಗದದಲ್ಲಿ ಇಲ್ಲ ಚಾಚಾ, ನಿಮ್ಮ ಬಾಯಲ್ಲಿ ಉಂಟು,” ಅಂದ ಖುಬೈಬ್. ಮುದುಕ ಒಂದು ಕ್ಷಣ ಯೋಚಿಸಿ, “ಈಗ ಕಲಿತೆ ನೀನು,” ಅಂದ.

ಮೊಬೈಲು ನಡುಗಿತು. ಅಸೀಲಾಳ ನಂಬರು, ದನಿ ಹಾನಿಯಾಳದ್ದು. ಶಾಲೆಯ ಬಸ್ಸು ಇಳಿಯಲು ಇನ್ನೂ ಗಂಟೆಗಟ್ಟಲೆ ಉಂಟಲ್ಲ ಅಂತ ಗಾಬರಿಯಿಂದ ಎದ್ದು ನಿಂತ. ಅರ್ಧ ದಿನವಂತೆ ಇವತ್ತು, ಅಮ್ಮ ಹೋಗಿ ಕರಕೊಂಡು ಬಂದದ್ದಂತೆ. “ಅಬ್ಬಾ, ಐ ಗಾಟ್ ಎ ಸ್ಟಾರ್. ಮಿಸ್ ನಾಳೆ ಅಸೆಂಬ್ಲಿಯಲ್ಲಿ ಹೇಳ್ಲಿಕ್ಕೆ ಹೇಳಿದ್ರು, ಅಲಿ ಅಲ್-ಯಮನಿ ಬಗ್ಗೆ. ವಿಚ್ ಇಯರ್ ಡಿಡ್ ಹೀ ಕಮ್? ವಾಟ್ ವಾಸ್ ಹಿಸ್ ಜಾಬ್?” ಕೌಂಟರಿನಾಚೆ ಮುದುಕ ಕೂತಿದ್ದ. ಈ ಸಲ ತಿರುಗಿಕೊಳ್ಳಲಿಲ್ಲ. ಕಿವುಡನಲ್ಲ, ಅಲ್-ಯಮನಿ ಅನ್ನುವುದು ಅವನಿಗೂ ಕೇಳಿಸಿತ್ತು.

“ಹಾನಿಯಾ, ಕೇಳು,” ಅಂದ ಖುಬೈಬ್. “ಅದು ಅಬ್ಬಾ ಸೇರಿಸಿದ್ದು. ಹಾಗೊಬ್ಬರು ಇರ್ಲಿಲ್ಲ.”

ಅಸೀಲಾ ಹತ್ತಿರವೇ ನಿಂತಿರಬೇಕು. ಅವಳ ಬಳೆಯ ಸದ್ದು ಕೇಳಿ ನಿಂತಿತು.

“ದೆನ್ ಹೂ ವಾಸ್ ದೇರ್?”

“ಯಾರೋ ಇದ್ರು ಮಗಾ. ಇರ್ಲೇಬೇಕಲ್ಲ. ಹೆಸರು ನಮಗೆ ಗೊತ್ತಿಲ್ಲ.”

“ನೋಬಡಿ ವಿಲ್ ಕ್ಲ್ಯಾಪ್, ಅಬ್ಬಾ.”

“ಇಲ್ಲ,” ಅಂದ. “ಚಪ್ಪಾಳೆ ಸಿಗ್ಲಿಕ್ಕಿಲ್ಲ.”

ಫೋನು ಆಚೆಯಿಂದಲೇ ಕಟ್ಟಾಯಿತು. ಖುಬೈಬ್ ತರ್ಜುಮೆ, ಚೀಟಿ ಎರಡನ್ನೂ ಪ್ರಿಂಟು ತೆಗೆದ. ಹ್ಯೂಬರ್ಟ್ ಸರ್ ಬಂದು, ಯಾರ ಮುಖವನ್ನೂ ನೋಡದೆ, ಎರಡು ಸಲ ಮುದ್ರೆ ಒತ್ತಿ ಹೋದರು. ಚೀಟಿಯಲ್ಲಿ ಮುದ್ರೆಯ ಕೆಳಗೆ ಚುಕ್ಕಿ ಸಾಲು, ಪೂರ್ತಿ ಹೆಸರು ಬರೆಯಬೇಕಾದದ್ದು. ಖುಬೈಬ್ ಇಸ್ಮತುಲ್ಲಾ ಅಂತ ಬರೆದ. ಆ ಸಾಲಿನಲ್ಲಿ ಇನ್ನೂ ಒಂದು ಹೆಸರಿನಷ್ಟು ಜಾಗ ಮಿಕ್ಕಿತ್ತು. ಪೆನ್ನು ಅದರ ಮೇಲೆ ಒಂದು ಗಳಿಗೆ ತಡೆಯಿತು.

ಮುದುಕ ಹಾಳೆಯನ್ನು ಮೆಲ್ಲಗೆ ಅವನ ಕೈಕೆಳಗಿನಿಂದ ಎಳೆದುಕೊಂಡ. “ಸಾಕು ಬೇಟಾ,” ಅಂದ. “ಹಾಗೇ ಇರ್ಲಿ.” ಮೂಲವನ್ನೂ ತರ್ಜುಮೆಯನ್ನೂ ಚೀಟಿಯನ್ನೂ ಒಂದರ ಮೇಲೊಂದಿಟ್ಟು, ಅಂಚು ಕೂಡಿಸಿ, ಹಸಿರು ಫೈಲಿಗೆ ಸೇರಿಸಿದ. ಕೋಲು ಎತ್ತಿಕೊಂಡು ಬಾಗಿಲಿನ ತನಕ ಹೋದವನು ನಿಂತು, ಹೊರಗಿನ ಬಿಸಿಲನ್ನು ನೋಡಿ, ತಲೆಯ ಮೇಲೆ ರುಮಾಲು ಸರಿಮಾಡಿಕೊಂಡು, ಆ ಬಿಸಿಲಿಗೆ ಇಳಿದ.